ಕೊಟ್ಟಿಗೆಯ ಬಲ್ಬು, ಕೋಟಿನ ಜೇಬು: ಒಂದು ಕ್ಯಾಮೆರಾ ಆಯ್ಕೆಯ ಪ್ರಕರಣ

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಜೇಬಲ್ಲಿ ಹಿಡಿಯೋ ಪುಟ್ಟ ಕ್ಯಾಮೆರಾ ತಗೊಳ್ಳಲೋ, ಲೆನ್ಸ್ ಬದಲಾಯಿಸೋ ಥರದ್ದು ತಗೊಳ್ಳಲೋ?" ನಾನು ಐದು ನಿಮಿಷವೂ ಯೋಚಿಸದೆ "ಮಿರರ್‌ಲೆಸ್ ತಗೋ, ಆಮೇಲೆ ಪೇಚಾಡೋದು ತಪ್ಪತ್ತೆ" ಅಂದುಬಿಟ್ಟೆ. ಹನ್ನೆರಡು ವರ್ಷದಿಂದ ಕ್ಯಾಮೆರಾ ಹಿಡಿದವನೆಂಬ ಜಂಬ. ಅವಳು ಏನನ್ನು ತೆಗೆಯುತ್ತಾಳೆ, ಯಾವ ಹೊತ್ತಿನಲ್ಲಿ ತೆಗೆಯುತ್ತಾಳೆ, ಆಗ ಅವಳ ಇನ್ನೊಂದು ಕೈ ಎಲ್ಲಿರುತ್ತದೆ ಎಂದು ಕೇಳಲೇ ಇಲ್ಲ. ಆ ಮೂರನೆಯ ಪ್ರಶ್ನೆಯ ತೂಕ ನನಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಆ ತಿಂಗಳಲ್ಲಿ ನಡೆದದ್ದು, ಆಮೇಲಿನ ಎಂಟು ತಿಂಗಳಲ್ಲಿ ನಡೆದದ್ದು ಇಷ್ಟು.

ಕೇಳಿದವಳು

ಅಕ್ಕ ಪಶುವೈದ್ಯೆ, ವಯಸ್ಸು ಐವತ್ತು ದಾಟಿದೆ. ದಿನಕ್ಕೆ ನಾಲ್ಕೈದು ಕೊಟ್ಟಿಗೆಗಳನ್ನಾದರೂ ಸುತ್ತುತ್ತಾಳೆ. ಗಾಯ, ಕೆಚ್ಚಲು, ಗೊರಸು, ಹೀಗೆ ಕೆಲಸಕ್ಕೆ ಬೇಕಾದ ಫೋಟೊಗಳನ್ನು ಫೋನಿನಲ್ಲೇ ತೆಗೆದು, ಅಲ್ಲಿಂದಲೇ ಕಳಿಸಿ ಮುಗಿಸುತ್ತಾಳೆ. ಆ ಕೆಲಸಕ್ಕೆ ಫೋನು ಸಾಕು, ಬೇರೆ ಕ್ಯಾಮೆರಾ ಬಂದರೆ ಅದು ಇನ್ನೂ ತಡವೇ ಆಗುತ್ತದೆ.

ಅವಳಿಗೆ ಬೇಕಿದ್ದದ್ದು ಕೆಲಸ ಮುಗಿದ ಮೇಲಿನ ಎರಡು ನಿಮಿಷ. ಈಗಷ್ಟೇ ಹುಟ್ಟಿದ ಕರು ಕಾಲೂರಲು ಹೆಣಗುವುದು, ತಾಯಿ ಅದರ ಬೆನ್ನು ನೆಕ್ಕುವುದು, ಹಸುವಿನ ಕಣ್ಣಿನೊಳಗೆ ಬಾಗಿಲಿನ ಬೆಳಕು ಚೌಕವಾಗಿ ಕಾಣುವುದು. ಫೋನು ಇದನ್ನೆಲ್ಲ ಮೇಣ ಸವರಿದ ಹಾಗೆ ಮಾಡಿಬಿಡುತ್ತದೆ ಎಂಬುದು ಅವಳ ದೂರು. "ಒದ್ದೆ ಕೂದಲು ಒದ್ದೆ ಕೂದಲಿನ ಥರ ಕಾಣಲ್ಲ ಕಣೋ. ಪ್ಲಾಸ್ಟಿಕ್ ಬ್ರಷ್ ಥರ ಕಾಣತ್ತೆ." ದೂರು ನ್ಯಾಯವಾದದ್ದೇ. ಮಬ್ಬುಬೆಳಕಿನಲ್ಲಿ ಫೋನು ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂರಿಸಿ, ಕಾಳುಕಾಳಾದ ಗ್ರೇನ್ ಅಳಿಸುತ್ತದೆ. ಗ್ರೇನ್ ಯಾವುದು, ಸಣ್ಣ ಕೂದಲು ಯಾವುದು ಎಂದು ಅದಕ್ಕೆ ಯಾವಾಗಲೂ ತಿಳಿಯುವುದಿಲ್ಲ. ಕರು ಒಂದಿಷ್ಟು ಅಲುಗಿದರೆ ಎರಡನ್ನೂ ಸೇರಿಸಿ ಒರೆಸಿಬಿಡುತ್ತದೆ.

ಇನ್ನೊಂದು ಸಂಗತಿ ಅವಳು ಹೇಳಲೇ ಇಲ್ಲ, ನಾನೇ ಆಮೇಲೆ ಕಂಡುಕೊಂಡೆ. ಅವಳಿಗೆ ಹತ್ತಿರದ್ದನ್ನು ಓದಲು ಕನ್ನಡಕ ಬೇಕು. ಕೊಟ್ಟಿಗೆಯಲ್ಲಿ ಅದನ್ನು ಹಾಕಿಕೊಳ್ಳುವುದಿಲ್ಲ. ಹಾಗಾಗಿ ಫೋನಿನ ಪರದೆಯಲ್ಲಿ ಫೋಟೊ ಸ್ಪಷ್ಟವಿದೆಯೋ ಇಲ್ಲವೋ ಎಂಬುದು ಮನೆಗೆ ಬಂದ ಮೇಲೆಯೇ ಅವಳಿಗೆ ತಿಳಿಯುತ್ತಿತ್ತು.

ಮೊದಲ ಎರಡು ವಾರ: ನನ್ನ ಸಲಹೆಯ ಗತಿ

ಕೊಂಡು ನೋಡುವ ಬದಲು ಎರವಲು ಪಡೆದು ನೋಡೋಣ ಎಂದದ್ದು ಅಕ್ಕನೇ. ನನ್ನ ಹತ್ತಿರ ಸೋನಿ ಎ6000 ಇತ್ತು. 2014ರ ಮಾದರಿ, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಎಪಿಎಸ್-ಸಿ ಎಂಬ ದೊಡ್ಡ ಅಳತೆಯದು, 24 ಮೆಗಾಪಿಕ್ಸೆಲ್. ಜೊತೆಗೆ ಪೆಟ್ಟಿಗೆಯಲ್ಲೇ ಬರುವ 16-50 ಮಿ.ಮೀ. ಕಿಟ್ ಲೆನ್ಸ್. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳ ಒಳಗಿನ ಕನ್ನಡಿಯನ್ನು ತೆಗೆದುಹಾಕಿ, ಲೆನ್ಸ್ ಬದಲಿಸುವ ಸೌಲಭ್ಯವನ್ನು ಉಳಿಸಿಕೊಂಡ ಮಿರರ್‌ಲೆಸ್ ಜಾತಿ ಇದು. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಾಗಿನಿಂದ ಇದರ ಓಟ ಶುರು. ಹೊಸಬರಿಗೆಂದು ಮಾರುವ ಮಿರರ್‌ಲೆಸ್‌ಗಳು ಇವತ್ತಿಗೂ ಬಹುತೇಕ ಇದೇ ಅಚ್ಚಿನವು: ಪುಟ್ಟ ಬಾಡಿ, ಎಪಿಎಸ್-ಸಿ ಸೆನ್ಸರ್, ಮಡಚಿಕೊಳ್ಳುವ, ಬೆಳಕನ್ನು ಕಡಿಮೆ ಒಳಬಿಡುವ ಜೂಮ್.

ಎರಡು ವಾರ ಕಳೆಯಿತು. ಕಾರ್ಡ್ ತೆರೆದು ನೋಡಿದರೆ 61 ಚಿತ್ರ. ಅದೂ ಹದಿನಾಲ್ಕು ದಿನದಲ್ಲಿ ನಾಲ್ಕೇ ದಿನ ತೆಗೆದದ್ದು.

"ಉಳಿದ ಹತ್ತು ದಿನ?"

"ಗಾಡಿಯಲ್ಲಿತ್ತು."

ಕ್ಯಾಮೆರಾ ಭಾರ ಎಂದೇನೂ ಅಲ್ಲ. ಬಾಡಿ 344 ಗ್ರಾಂ, ಲೆನ್ಸ್ 116 ಗ್ರಾಂ, ಸೇರಿ 460. ಅವಳು ಹೊರುವ ಔಷಧಿ ಚೀಲದ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಅಡ್ಡಿಯಾದದ್ದು ದಪ್ಪ. ಲೆನ್ಸ್ ಒಳಗೆ ಸೇರಿಕೊಂಡಾಗಲೂ ಮುಂದಿನಿಂದ ಹಿಂದಕ್ಕೆ ಏಳು ಸೆಂಟಿಮೀಟರಿನ ಆಸುಪಾಸು. ಕೋಟಿನ ಜೇಬಿಗೆ ಹೋಗುವುದಿಲ್ಲ. ಕೊರಳಿಗೆ ನೇತುಹಾಕಿದರೆ, ಹಸುವಿನ ಪಕ್ಕ ಬಗ್ಗಿದಾಗ ಹೊಟ್ಟೆಗೆ ಹೋಗಿ ಬಡಿಯುತ್ತದೆ. ಹಸುವಿನ ಹೊಟ್ಟೆಗೆ. ಒಮ್ಮೆ ಹಾಗಾಯಿತಂತೆ, ಅವತ್ತಿನಿಂದ ಗಾಡಿಯಲ್ಲೇ ಬಿಟ್ಟಳು.

ಇದಕ್ಕಾದರೂ ನಾನು ಸಿದ್ಧನಿದ್ದೆ. ಚಿತ್ರ ಚೆನ್ನಾಗಿ ಬಂದರೆ ಹೊತ್ತುಕೊಂಡು ಹೋಗುವ ಮನಸ್ಸು ತಾನಾಗಿ ಬರುತ್ತದೆ ಎಂದು ಹೇಳುವವನಿದ್ದೆ. ಆದರೆ ಆ 61ರಲ್ಲಿ ರಾತ್ರಿ ತೆಗೆದ ಹದಿನೈದು ಚಿತ್ರಗಳನ್ನು ಪರದೆ ತುಂಬ ಹಿಡಿದು ನೋಡಿದಾಗ ಬಾಯಿ ಕಟ್ಟಿತು. ಹಸುವಿನ ಮೈಮೇಲೆಲ್ಲ ರವೆ ಚೆಲ್ಲಿದ ಹಾಗೆ ಗ್ರೇನ್. ಅಕ್ಕ ಕೆಣಕುವ ದನಿಯಲ್ಲೇನೂ ಕೇಳಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು: "ದೊಡ್ಡ ಸೆನ್ಸರ್ ಅಂದೆಯಲ್ಲ, ಅದು ಎಲ್ಲಿ ಹೋಯ್ತು?"

ನಲ್ಲಿಯೋ, ಕೊಡವೋ

ಇಲ್ಲಿ ಸ್ವಲ್ಪ ಲೆಕ್ಕಕ್ಕೆ ಇಳಿಯಲೇಬೇಕು. ಇಡೀ ಪ್ರಕರಣ ತಿರುಗಿದ್ದು ಈ ಲೆಕ್ಕದ ಮೇಲೆ.

ಹೋಲಿಕೆಗೆ ಜೇಬಿನ ಕ್ಯಾಮೆರಾ ಒಂದು ಬೇಕಿತ್ತು. ನನ್ನ ಸಹೋದ್ಯೋಗಿಯೊಬ್ಬರ ಹತ್ತಿರ ಸೋನಿ ಆರ್‌ಎಕ್ಸ್100 ಸಾಲಿನ ಮೂರನೆಯ ಆವೃತ್ತಿ ಇತ್ತು. ಅದೂ 2014ರದೇ. ಒಂದೇ ಕಂಪನಿ, ಒಂದೇ ವರ್ಷ. ಕ್ಯಾಮೆರಾದ ಜಾತಿಯೊಂದನ್ನು ಬಿಟ್ಟು ಉಳಿದ ಹಲವು ವ್ಯತ್ಯಾಸಗಳು ತಾವಾಗಿ ಕಡಿಮೆಯಾದವು. ಹೀಗೆ ಸಿಕ್ಕಿದ್ದು ಅದೃಷ್ಟ, ನಾನು ಹುಡುಕಿ ತಂದದ್ದಲ್ಲ.

ಆ ಪುಟ್ಟ ಕ್ಯಾಮೆರಾದ ಸೆನ್ಸರನ್ನು ಒಂದಿಂಚಿನದು ಎನ್ನುತ್ತಾರೆ. ಅಳೆದರೆ ಅದರ ಯಾವ ಬದಿಯೂ ಒಂದಿಂಚು ಇಲ್ಲ: 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ, ಮೂಲೆಯಿಂದ ಮೂಲೆಗೆ ಹದಿನಾರು ಮಿ.ಮೀ. ಹತ್ತಿರ. ಹಳೆಯ ಕಾಲದ ವಿಡಿಯೊ ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆ ಇರುತ್ತಿತ್ತು. ಆ ಕೊಳವೆಯ ಹೊರಸುತ್ತಿನ ಅಳತೆಯಿಂದ ಬಂದ ಹೆಸರು ಕೊಳವೆ ಹೋದ ಮೇಲೂ ಉಳಿದುಕೊಂಡಿದೆ. ಎ6000ದ ಸೆನ್ಸರ್ 23.5 ಮಿ.ಮೀ.ಗೆ 15.6 ಮಿ.ಮೀ. ವಿಸ್ತೀರ್ಣದಲ್ಲಿ ಮೂರು ಪಟ್ಟಿಗಿಂತ ಹೆಚ್ಚು. ಈ 'ಮೂರು ಪಟ್ಟು' ನನ್ನ ತಲೆಯಲ್ಲಿ ಕೂತಿದ್ದರಿಂದಲೇ ನಾನು ಅಷ್ಟು ಧೈರ್ಯವಾಗಿ ಸಲಹೆ ಕೊಟ್ಟದ್ದು.

ಆದರೆ ಕೊಡ ದೊಡ್ಡದಾದ ಮಾತ್ರಕ್ಕೆ ನೀರು ಹೆಚ್ಚು ಬರುವುದಿಲ್ಲ. ನಲ್ಲಿ ದೊಡ್ಡದಾಗಬೇಕು. ಕ್ಯಾಮೆರಾದಲ್ಲಿ ಸೆನ್ಸರ್ ಕೊಡವಾದರೆ, ಲೆನ್ಸಿನ ಮುಂದಿನಿಂದ ಕಾಣುವ ರಂಧ್ರವೇ ನಲ್ಲಿ. ಆ ರಂಧ್ರದ ವ್ಯಾಸ ತಿಳಿಯಲು ದೊಡ್ಡ ವಿದ್ಯೆಯೇನೂ ಬೇಡ. ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ (ಎಫ್/5.6 ಎಂದಿದ್ದರೆ 5.6ರಿಂದ) ಭಾಗಿಸಿದರೆ ಸಾಕು.

ಜೂಮ್ ಪೂರ್ತಿ ಚಾಚಿದಾಗ ಕಿಟ್ ಲೆನ್ಸಿನದು 50 ಮಿ.ಮೀ., ಎಫ್/5.6. ಭಾಗಿಸಿದರೆ 8.9 ಮಿ.ಮೀ. ಪುಟ್ಟ ಕ್ಯಾಮೆರಾದ ಲೆನ್ಸು ಅದೇ ತುದಿಯಲ್ಲಿ 25.7 ಮಿ.ಮೀ., ಎಫ್/2.8. ಭಾಗಿಸಿದರೆ 9.2 ಮಿ.ಮೀ. ಅಗಲದ ತುದಿಗೆ ಬಂದರೆ ಕಿಟ್ ಲೆನ್ಸು 16 ಮಿ.ಮೀ., ಎಫ್/3.5, ಅಂದರೆ 4.6 ಮಿ.ಮೀ. ಪುಟ್ಟದ್ದು 8.8 ಮಿ.ಮೀ., ಎಫ್/1.8, ಅಂದರೆ 4.9 ಮಿ.ಮೀ. ಎರಡೂ ತುದಿಯಲ್ಲಿ ಜೇಬಿನ ಕ್ಯಾಮೆರಾದ ನಲ್ಲಿಯೇ ಒಂದು ಕೂದಲೆಳೆಯಷ್ಟು ದೊಡ್ಡದು!

ಚೌಕಟ್ಟಿನಲ್ಲಿ ಅದೇ ಕರು, ಅಷ್ಟೇ ದೂರ, ಅದೇ ಶಟರ್ ವೇಗ ಇಟ್ಟರೆ ಕರುವಿನಿಂದ ಹೊರಟ ಬೆಳಕು ಎರಡೂ ಕ್ಯಾಮೆರಾಗಳ ಒಳಗೆ ಹೋಗುವುದು ಸುಮಾರು ಒಂದೇ ಪ್ರಮಾಣದಲ್ಲಿ. ದೊಡ್ಡ ಸೆನ್ಸರ್ ಆ ಬೆಳಕನ್ನು ಹೆಚ್ಚು ಜಾಗಕ್ಕೆ ತೆಳ್ಳಗೆ ಹರಡುತ್ತದೆ, ಅಷ್ಟೆ. ಹಿನ್ನೆಲೆ ಮಸುಕಾಗುವುದೂ ಇದೇ ರಂಧ್ರವನ್ನು ನೆಚ್ಚಿಕೊಂಡದ್ದರಿಂದ ಅದರಲ್ಲೂ ಕಿಟ್ ಲೆನ್ಸಿನ ಮಿರರ್‌ಲೆಸ್‌ಗೆ ಯಾವ ಮೇಲುಗೈಯೂ ಇಲ್ಲ.

ಹಳೆಯ ಕ್ಯಾಮೆರಾಗಳನ್ನಿಟ್ಟುಕೊಂಡು ಹೇಳುತ್ತಿದ್ದಾನೆ ಎಂದು ಯಾರಾದರೂ ಅನ್ನಬಹುದು. ಹೊಸವನ್ನೂ ಭಾಗಿಸಿ ನೋಡಿದೆ. 2022ರಲ್ಲಿ ಬಂದ ನಿಕಾನ್ ಝಡ್30ರ ಕಿಟ್ ಲೆನ್ಸು ತುದಿಯಲ್ಲಿ 50 ಮಿ.ಮೀ., ಎಫ್/6.3, ರಂಧ್ರ 7.9 ಮಿ.ಮೀ. 2023ರ ಕ್ಯಾನನ್ ಆರ್50ಯ 18-45 ಲೆನ್ಸು ತುದಿಯಲ್ಲಿ 45 ಮಿ.ಮೀ., ಎಫ್/6.3, ರಂಧ್ರ 7.1 ಮಿ.ಮೀ. ಕಿಟ್ ಲೆನ್ಸುಗಳು ಪುಟ್ಟದಾಗಿ, ಹಗುರವಾಗಿ ಬರುತ್ತವೆ. ಅದಕ್ಕೆ ತೆರುವ ಬೆಲೆ ಈ ರಂಧ್ರ. ಫೋಕಸ್, ವಿಡಿಯೊ, ಟಚ್ ಸ್ಕ್ರೀನ್ ಎಲ್ಲದರಲ್ಲೂ ಹೊಸವು ಬಹಳ ಮುಂದಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಕೊಟ್ಟಿಗೆಯ ಕತ್ತಲು ಕೇಳುವುದು ಮಾತ್ರ ಅವನ್ನಲ್ಲ.

ಹಾಗಾದರೆ ಮಿರರ್‌ಲೆಸ್ ದಂಡವೇ? ಅಲ್ಲ. ಅದರ ಮುಂದೆ ಬೇರೆ ಲೆನ್ಸು ಕೂರಿಸಿದ ಕ್ಷಣ ಆಟವೇ ಬದಲಾಗುತ್ತದೆ. ನನ್ನ ಹತ್ತಿರ 35 ಮಿ.ಮೀ. ಎಫ್/1.8 ಲೆನ್ಸೊಂದಿದೆ. ತೂಕ 154 ಗ್ರಾಂ, ಜೂಮ್ ಇಲ್ಲ. ಭಾಗಿಸಿ ನೋಡಿ: 19.4 ಮಿ.ಮೀ. ಅಷ್ಟೇ ನೋಟವಿರುವಂತೆ ಜೇಬಿನ ಕ್ಯಾಮೆರಾವನ್ನು ಜೂಮ್ ಮಾಡಿ ನಿಲ್ಲಿಸಿದರೆ ಅದರ ರಂಧ್ರ ಸುಮಾರು 6.9 ಮಿ.ಮೀ. ಬೆಳಕು ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಇದು ಸುಮಾರು ಎಂಟು ಪಟ್ಟು. ಫೋಟೊ ತೆಗೆಯುವವರ ಮಾತಿನಲ್ಲಿ ಮೂರು ಸ್ಟಾಪ್, ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು.

ಅಲ್ಲಿಗೆ ನನ್ನ ಸಲಹೆಯಲ್ಲಿದ್ದ ತಪ್ಪು ನನಗೇ ಬೆತ್ತಲಾಗಿ ಕಂಡಿತು. ಮಿರರ್‌ಲೆಸ್ ಹಿಡಿದು ನಾನು ಪಡೆಯುತ್ತಿದ್ದ ಸುಖವೆಲ್ಲ ಆ 35ರಿಂದ ಬಂದದ್ದು. ಅದನ್ನು ಮನೆಯಲ್ಲಿಟ್ಟುಕೊಂಡು ಅಕ್ಕನಿಗೆ ಬರೀ ಕಿಟ್ ಲೆನ್ಸ್ ಕೊಟ್ಟು ಕಳಿಸಿದ್ದೆ. ಜೇಬಿಗೂ ಹೋಗದ, ಕತ್ತಲಲ್ಲೂ ನೆರವಾಗದ ಜೋಡಿಯನ್ನು ಆರಿಸಿ ಕೈಗಿಟ್ಟಿದ್ದೆ.

ಒಂದು ರಾತ್ರಿಯ ಪ್ರಯೋಗ

ಲೆಕ್ಕವನ್ನು ಅಕ್ಕ ಕೇಳಿಸಿಕೊಂಡಳು, ಒಪ್ಪಲಿಲ್ಲ. "ಕಾಗದದ ಮೇಲೆ ಎಲ್ಲಾ ಹಸುನೂ ಹಾಲು ಕೊಡತ್ತೆ" ಅಂದಳು. ಸರಿ, ಒಂದು ರಾತ್ರಿ ಅವಳಿಗೆ ಪರಿಚಯದವರ ಕೊಟ್ಟಿಗೆಯಲ್ಲೇ ನಿಂತೆವು. ತಲೆಯ ಮೇಲೆ ಒಂದೇ ಬಲ್ಬು. ಮೂರು ವಾರದ ಕರುವೊಂದು ಗೋಡೆಗೊರಗಿ ಮಲಗಿತ್ತು.

ಎರಡೂ ಕ್ಯಾಮೆರಾದಲ್ಲಿ ಶಟರ್ 1/125 ಸೆಕೆಂಡ್ ಇಟ್ಟೆ. ಅದಕ್ಕಿಂತ ನಿಧಾನವಾದರೆ ಕರು ಕಿವಿ ಬಡಿದಾಗ ಕಿವಿಯೇ ಕಾಣುವುದಿಲ್ಲ. ಎರಡರಲ್ಲೂ ಜೂಮ್ ಕೊನೆಗೆ. ಜೇಬಿನ ಕ್ಯಾಮೆರಾ ಎಫ್/2.8ರಲ್ಲಿ ಐಎಸ್‌ಒ 3200 ಕೇಳಿತು. ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ. ಮಿರರ್‌ಲೆಸ್ ಕಿಟ್ ಲೆನ್ಸಿನಲ್ಲಿ, ಎಫ್/5.6ಕ್ಕೆ, ಐಎಸ್‌ಒ 12800 ಕೇಳಿತು. ಸೆನ್ಸರ್ ಮೂರು ಪಟ್ಟು ದೊಡ್ಡದು ನಿಜ, ಆದರೆ ಐಎಸ್‌ಒ ನಾಲ್ಕು ಪಟ್ಟು ಏರಿಸಬೇಕಾಯಿತು. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟಾಗ ಯಾವುದು ಯಾವುದೆಂದು ಅಕ್ಕನಿಗೆ ಹೇಳಲಾಗಲಿಲ್ಲ. ನನಗೂ ಅಷ್ಟೇ ಎನ್ನಲು ಸಂಕೋಚವೇನಿಲ್ಲ.

ಆಮೇಲೆ 35 ಹಾಕಿ, ಎರಡು ಹೆಜ್ಜೆ ಮುಂದೆ ಹೋಗಿ ತೆಗೆದೆ. ಎಫ್/1.8, ಐಎಸ್‌ಒ 1250. ಈ ಬಾರಿ ಯಾರೂ ಕೇಳುವ ಅಗತ್ಯವೇ ಬರಲಿಲ್ಲ. ಕರುವಿನ ಹಣೆಯ ಸುಳಿಯಲ್ಲಿ ಕೂದಲುಗಳು ಒಂದೊಂದಾಗಿ ನಿಂತಿದ್ದವು. ಅಕ್ಕ ಲ್ಯಾಪ್‌ಟಾಪಿನ ಪರದೆಗೆ ಮುಖ ತಾಗಿಸುವಷ್ಟು ಬಗ್ಗಿ ನೋಡಿ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು.

ಆ ರಾತ್ರಿ ಬೇರೆ ಎರಡು ಸಣ್ಣ ಸಂಗತಿಗಳೂ ತಿಳಿದವು. ಜೇಬಿನ ಕ್ಯಾಮೆರಾದ ಶಟರ್ ಲೆನ್ಸಿನೊಳಗೇ ಇರುವ ಎಲೆಯಂಥ ಪದರಗಳದ್ದು, ಸದ್ದು ಕೇಳಿಸುವುದೇ ಇಲ್ಲ ಎನ್ನಬಹುದು. ನನ್ನ ಎ6000 ಪ್ರತಿಸಲ 'ಕ್ಲಕ್' ಎನ್ನುತ್ತದೆ. ಆ ಸದ್ದಿಗೆ ಪಕ್ಕದಲ್ಲಿದ್ದ ತಾಯಿ ಹಸು ಪ್ರತಿಸಲವೂ ಕಿವಿ ತಿರುಗಿಸಿತು. ಒಂದು ಚಿತ್ರಕ್ಕೆ ಅದೇ ಒಳ್ಳೆಯದಾಯಿತು ಅನ್ನಿ, ಕಿವಿ ನಿಮಿರಿದ ಹಸು ಯಾವಾಗಲೂ ಬುದ್ಧಿವಂತನ ಹಾಗೆ ಕಾಣುತ್ತದೆ. ಎರಡನೆಯದು, ಕತ್ತಲಲ್ಲಿ ಫೋಕಸಿಗೆ ನೆರವಾಗಲು ಕ್ಯಾಮೆರಾದ ಮೂತಿಯಲ್ಲಿ ಕೆಂಪು-ಕಿತ್ತಳೆ ದೀಪವೊಂದು ಹೊತ್ತಿಕೊಳ್ಳುತ್ತದಲ್ಲ, ಪ್ರಾಣಿಗಳ ಹತ್ತಿರ ಹೋಗುವವರು ಅದನ್ನು ಮೊದಲು ಆರಿಸಿಟ್ಟುಕೊಳ್ಳಬೇಕು. ಕರು ದಡಕ್ಕನೆ ಎದ್ದು ನಿಂತದ್ದು ಅದಕ್ಕೇ. ಫ್ಲ್ಯಾಷ್ ಮಾತು ಎತ್ತುವುದೇ ಬೇಡ.

ಜೇಬಿನ ಎರಡು ವಾರ

ಮುಂದಿನ ಎರಡು ವಾರ ಪುಟ್ಟ ಕ್ಯಾಮೆರಾ ಅಕ್ಕನ ಕೋಟಿನ ಜೇಬಿನಲ್ಲಿತ್ತು. 290 ಗ್ರಾಂ, ದಪ್ಪ ನಾಲ್ಕು ಸೆಂಟಿಮೀಟರ್. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದಳು. ಕೊಟ್ಟಿಗೆಯ ಹೊಟ್ಟಿನ ಧೂಳು ಒಳಗೆ ಹೋಗದಿರಲಿ ಎಂಬುದು ಒಂದು ಕಾರಣ. ಒಂದು ಕೊಟ್ಟಿಗೆಯ ಕೊಳೆ ಇನ್ನೊಂದಕ್ಕೆ ದಾಟಬಾರದು, ಕವರಾದರೆ ತೊಳೆದುಬಿಡಬಹುದು ಎಂಬುದು ವೈದ್ಯೆಯ ಕಾರಣ.

ಕಾರ್ಡಿನಲ್ಲಿ 340 ಚಿತ್ರ, ಹದಿನಾಲ್ಕರಲ್ಲಿ ಹನ್ನೊಂದು ದಿನ.

ಬೆಳಕಿನ ಮಟ್ಟಿಗೆ ಅವಳು ಮೊದಲು ಹಿಡಿದಿದ್ದ ಜೋಡಿಗೂ ಇದಕ್ಕೂ ವ್ಯತ್ಯಾಸವಿಲ್ಲ ಎಂಬುದನ್ನು ಈಗಾಗಲೇ ನೋಡಿದ್ದೆವು. ಆದರೂ ಚಿತ್ರಗಳು ಬೇರೆಯಾಗಿದ್ದವು. ಅವುಗಳಲ್ಲಿ ಹಸುವಿನ ಮಾಲೀಕರು ಇದ್ದರು. ದೊಡ್ಡ ಕ್ಯಾಮೆರಾ ಕಂಡರೆ ಮಾಲೀಕರು ಅಂಗಿ ಸರಿಮಾಡಿಕೊಂಡು ಹಸುವಿನ ಪಕ್ಕ ನೆಟ್ಟಗೆ ನಿಂತುಬಿಡುತ್ತಾರೆ. ಡಾಕ್ಟರಮ್ಮ ಜೇಬಿನಿಂದ ಪುಟ್ಟದೇನನ್ನೋ ತೆಗೆದರೆ ಅದು ಥರ್ಮಾಮೀಟರ್ ಇದ್ದರೂ ಇರಬಹುದೆಂದು ತಮ್ಮ ಪಾಡಿಗೆ ತಾವು ಮೇವು ಹಾಕುತ್ತಿರುತ್ತಾರೆ. ಒಂದು ಕೈಯಲ್ಲಿ ಹಸುವಿನ ಹಗ್ಗ ಹಿಡಿದು ಇನ್ನೊಂದು ಕೈಯಲ್ಲೇ ತೆಗೆದ ಚಿತ್ರಗಳು ಹಲವು. ಹಗ್ಗವೇ ಚೌಕಟ್ಟಿನ ಮೂಲೆಯಿಂದ ಒಳಗೆ ಬಂದಿರುತ್ತಿತ್ತು. ಮೂಗಿನ ಮೇಲಿನ ನೊಣ, ನೊಣದ ರೆಕ್ಕೆ: ಅಗಲದ ತುದಿಯಲ್ಲಿ ಐದು ಸೆಂಟಿಮೀಟರ್ ಹತ್ತಿರದವರೆಗೂ ಇದು ಫೋಕಸ್ ಆಗುತ್ತದೆ. ನನ್ನ ಕಿಟ್ ಲೆನ್ಸಿಗೆ ಕನಿಷ್ಠ 25 ಸೆಂಟಿಮೀಟರ್ ದೂರ ಬೇಕು.

ಕೈಕೊಟ್ಟ ಕಡೆಗಳೂ ಇದ್ದವು. ಈ ಮೂರನೆಯ ಆವೃತ್ತಿ ಫೋಕಸ್ ಮಾಡುವುದು ಕಾಂಟ್ರಾಸ್ಟ್ ನೋಡಿ. ಅಂದರೆ ಮುಂದೆ ಹಿಂದೆ ಸರಿದು, ಯಾವಲ್ಲಿ ಅಂಚು ಚೂಪಾಗುತ್ತದೋ ಅಲ್ಲಿ ನಿಲ್ಲುವುದು. ಮಲಗಿದ ಹಸುವಿಗೆ ಇದು ಸಾಕು. ಬಿಟ್ಟೊಡನೆ ಬಾಲ ಎತ್ತಿ ಓಡುವ ಕರುವಿಗೆ ಸಾಲದು. ಎ6000ದ ಸೆನ್ಸರಿನ ಮೇಲೆ 179 ಫೇಸ್ ಡಿಟೆಕ್ಷನ್ (ಮುಖದ 'ಫೇಸ್' ಅಲ್ಲ, phase) ಬಿಂದುಗಳಿವೆ; ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂದು ಅದಕ್ಕೆ ಮೊದಲೇ ತಿಳಿಯುತ್ತದೆ. ಓಡುವ ಕರುವಿನ ಚಿತ್ರದಲ್ಲಿ ನನ್ನ ಮಿರರ್‌ಲೆಸ್ ಎದುರು ಜೇಬಿನದು ಸೋತಿತು.

ಕಣ್ಣಿನ ವಿಷಯ ಇಲ್ಲಿ ಬಂತು. ಈ ಪುಟ್ಟ ಕ್ಯಾಮೆರಾದ ಮೂಲೆಯಿಂದ ವ್ಯೂಫೈಂಡರೊಂದು, ಕಣ್ಣಿಟ್ಟು ನೋಡುವ ಕಿಂಡಿ, ಪುಟಿದೇಳುತ್ತದೆ. ಅದರ ಪಕ್ಕದ ಚಿಕ್ಕ ಹಿಡಿಕೆಯನ್ನು ಸರಿಸಿ ನಮ್ಮ ಕಣ್ಣಿನ ಪವರಿಗೆ ಹೊಂದಿಸಿಕೊಳ್ಳಬಹುದು. ಹೊಂದಿಸಿಕೊಟ್ಟ ದಿನ ಅಕ್ಕ ಒಂದು ಕ್ಷಣ ಮಾತಾಡಲಿಲ್ಲ. "ಅಯ್ಯೋ, ಇಷ್ಟು ದಿನ ನಾನು ಕುರುಡಿ ಥರ ತೆಗೀತಿದ್ದೆ" ಅಂದಳು. ಎ6000ದಲ್ಲೂ ಇದೇ ಸೌಲಭ್ಯ ಇತ್ತು. ಮೊದಲ ಎರಡು ವಾರ ಅದನ್ನು ಹೊಂದಿಸಿಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಐವತ್ತು ದಾಟಿದವರಿಗೆ ಕ್ಯಾಮೆರಾ ಆರಿಸುವಾಗ ಮೆಗಾಪಿಕ್ಸೆಲ್‌ಗಿಂತ ಮೊದಲು ನೋಡಬೇಕಾದದ್ದು ಇದು. ಪುಟ್ಟ ಕ್ಯಾಮೆರಾಗಳ ಪೈಕಿ ಹಲವಕ್ಕೆ ವ್ಯೂಫೈಂಡರ್ ಇರುವುದಿಲ್ಲ. ಮಿರರ್‌ಲೆಸ್‌ಗಳಲ್ಲೂ ಎಲ್ಲಕ್ಕೂ ಇಲ್ಲ, ಮೇಲೆ ಹೇಳಿದ ಝಡ್30ಕ್ಕೆ ಇಲ್ಲ.

ಈ ಒಂದೇ ಕಾರಣಕ್ಕೆ ನನ್ನ ಪ್ರೀತಿಯ ಮೂರನೆಯ ದಾರಿಯೊಂದು ಮುಚ್ಚಿಹೋಯಿತು. ರಿಕೊ ಜಿಆರ್3 ಎಂಬುದೊಂದಿದೆ. 257 ಗ್ರಾಂ, ಆದರೆ ಒಳಗೆ ಎಪಿಎಸ್-ಸಿ ಸೆನ್ಸರು, ಎಫ್/2.8ರ ಒಂದೇ ಲೆನ್ಸು, ಜೂಮ್ ಇಲ್ಲ. ಜೇಬು, ದೊಡ್ಡ ಸೆನ್ಸರು ಎರಡೂ ಬೇಕೆನ್ನುವವರಿಗೆ ಮಾಡಿಸಿದ ಹಾಗಿದೆ. ಅದಕ್ಕೆ ವ್ಯೂಫೈಂಡರ್ ಇಲ್ಲ. ನೋಟವೂ ಅಗಲವಾದದ್ದು, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 28 ಮಿ.ಮೀ.ಗೆ ಸಮ. ಹಸುವಿನ ಮುಖ ಚೌಕಟ್ಟು ತುಂಬಬೇಕಾದರೆ ಅದರ ಉಸಿರು ತಾಗುವಷ್ಟು ಹತ್ತಿರ ಹೋಗಬೇಕು, ಆಗ ಮೂಗು ಮುಖಕ್ಕಿಂತ ದೊಡ್ಡದಾಗಿ ಬರುತ್ತದೆ.

ಹೆಸರಿಲ್ಲದ ಪ್ರಿಂಟುಗಳು

ಈ ನಡುವೆ ಒಂದು ಭಾನುವಾರ ಅಕ್ಕನಿಗೆ ಎ6000 ಮತ್ತು 35ನ್ನು ಒಟ್ಟಿಗೆ ಕೊಟ್ಟಿದ್ದೆ. ಅವತ್ತು ಬೆಳಗಿನ ಜಾವವೇ ಎದ್ದು, ಕೆಲಸದ ಚೀಲವಿಲ್ಲದೆ, ಬರೀ ಚಿತ್ರಕ್ಕೆಂದೇ ಹೋಗಿ 90 ತೆಗೆದು ತಂದಳು.

ಎಲ್ಲ ಸೇರಿಸಿ ಆರಿಸಲು ಕೂತೆವು. ಕಡತದ ಹೆಸರುಗಳನ್ನೆಲ್ಲ ಬದಲಿಸಿ, ಕಲಸಿಬಿಟ್ಟಿದ್ದೆ. ಎರಡೂ ಕ್ಯಾಮೆರಾಗಳ ಚೌಕಟ್ಟು 3:2ರದ್ದೇ, ಆಕಾರ ನೋಡಿ ಗುರುತು ಹಿಡಿಯುವಂತಿರಲಿಲ್ಲ. ಅವಳು ಆರಿಸಿದ 24ನ್ನು 8 ಇಂಚಿಗೆ 12 ಇಂಚಿನ ಕಾಗದದಲ್ಲಿ ಪ್ರಿಂಟ್ ಹಾಕಿಸಿದೆವು. 20 ಮೆಗಾಪಿಕ್ಸೆಲ್‌ನ ಚಿತ್ರ ಆ ಅಳತೆಯಲ್ಲಿ ಇಂಚಿಗೆ 456 ಚುಕ್ಕಿ ಕೊಡುತ್ತದೆ. 24 ಮೆಗಾಪಿಕ್ಸೆಲ್‌ನದು 500. ಕಣ್ಣಿಗೆ ಎರಡೂ ಒಂದೇ.

ಆಮೇಲೆ ಹೆಸರು ತೆರೆದು ಎಣಿಸಿದೆವು. 24ರಲ್ಲಿ 17 ಜೇಬಿನ ಕ್ಯಾಮೆರಾದವು. ಐದು 35ರವು. ಕಿಟ್ ಲೆನ್ಸಿನವು ಎರಡು, ಎರಡೂ ಹಗಲಿನವು. ಗೋಡೆಗೆ ಮೂರು ಎತ್ತಿಕೋ ಅಂದಾಗ ಎತ್ತಿಕೊಂಡ ಮೂರರಲ್ಲಿ ಎರಡು 35ರವು.

ನನಗೆ ಒಳಗೊಳಗೇ ಖುಷಿ. ಸೋತ ಸಲಹೆಗೆ ಜೀವ ಬರುತ್ತಿದೆ ಅನ್ನಿಸಿತು. "ನೋಡು, ಕಿಟ್ ಲೆನ್ಸ್ ಬೇಡ. ಬರೀ ಬಾಡಿ, ಒಂದು 35. ಗೋಡೆಗೆ ಹೋಗೋದು ಅದೇ" ಅಂದೆ.

ಅಕ್ಕ ಆ ಎರಡು ಪ್ರಿಂಟುಗಳನ್ನು ಕೈಯಲ್ಲಿ ಹಿಡಿದೇ ಕೇಳಿದಳು. "ಇವೆರಡು ತೆಗೆದದ್ದು ಯಾವತ್ತು?"

"ಭಾನುವಾರ."

"ನನಗೆ ಅಂಥ ಭಾನುವಾರ ವರ್ಷಕ್ಕೆ ಎಷ್ಟು ಸಿಗತ್ತೆ ಅಂದ್ಕೊಂಡಿದ್ದೀಯಾ? ಐದು, ಆರು? ಕರು ಹಾಕೋ ಹಸು ಭಾನುವಾರ ನೋಡ್ಕೊಂಡು ಹಾಕಲ್ಲ."

ಎದುರಾಡಲು ಏನೂ ಉಳಿದಿರಲಿಲ್ಲ. ಅವಳು ಇನ್ನೂ ಒಂದು ಮಾತು ಸೇರಿಸಿದಳು. ಗೋಡೆಯ ಮೂರನೆಯ ಚಿತ್ರ, ಜೇಬಿನ ಕ್ಯಾಮೆರಾದ್ದು, ಹುಟ್ಟಿ ನಾಲ್ಕು ನಿಮಿಷವಾದ ಕರು. ಗ್ರೇನ್ ಇದೆ, ಹಿನ್ನೆಲೆಯಲ್ಲಿ ಬಕೀಟೊಂದು ಅಡ್ಡ ಬಿದ್ದಿದೆ. "ಇದನ್ನ ತೆಗೀವಾಗ ನನ್ನ ಎಡಗೈ ಮೊಣಕೈವರೆಗೂ ಒದ್ದೆ ಇತ್ತು. ನಿನ್ನ ಕ್ಯಾಮೆರಾ ಗಾಡಿಯಲ್ಲಿದ್ದಿದ್ರೆ ಇದು ಇರ್ತಿರಲಿಲ್ಲ."

ತೀರ್ಮಾನ ಅವಳದು, ನಾನು ಮಾಡಿದ್ದು ಆವೃತ್ತಿ ಆರಿಸಿದ್ದಷ್ಟೇ. ಇದೇ ಸಾಲಿನ ಏಳನೆಯ ಆವೃತ್ತಿ 24ರಿಂದ 200 ಮಿ.ಮೀ.ಗೆ ಸಮನಾಗಿ ಜೂಮ್ ಆಗುತ್ತದೆ, ಕೇಳಲು ಆಸೆಯಾಗುತ್ತದೆ. ಅಗಲದ ತುದಿಯಲ್ಲಿ ಅದು ಎಫ್/2.8. ಭಾಗಿಸಿದರೆ ರಂಧ್ರ 3.2 ಮಿ.ಮೀ., ಬೆಳಕು ಅರ್ಧಕ್ಕಿಂತ ಕಡಿಮೆ. ದೂರದ ಹಕ್ಕಿ ತೆಗೆಯುವವರಿಗಾದರೆ ಅದೇ ಸರಿ. ನಾವು ಐದನೆಯದನ್ನು, 2016ರಲ್ಲಿ ಬಂದದ್ದನ್ನು, ಒಬ್ಬರು ಬಳಸಿದ್ದನ್ನೇ ಕೊಂಡೆವು. ಲೆನ್ಸು ಮೂರನೆಯದರ ಹಾಗೆಯೇ ಎಫ್/1.8-2.8. ಫೋಕಸಿಗೆ ಮಾತ್ರ 315 ಫೇಸ್ ಡಿಟೆಕ್ಷನ್ ಬಿಂದುಗಳು ಸೇರಿವೆ. ಅದಕ್ಕೆ ತೆತ್ತದ್ದು ಬ್ಯಾಟರಿ: ಮೂರನೆಯದು ಒಂದು ಚಾರ್ಜಿಗೆ 320 ಚಿತ್ರದ ಲೆಕ್ಕದ್ದು, ಐದನೆಯದು 220ರದ್ದು. ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇರಲೇಬೇಕು.

ಬಳಸಿದ ಪುಟ್ಟ ಕ್ಯಾಮೆರಾ ಕೊಳ್ಳುವಾಗ ಲೆನ್ಸು ಎಂಟು ಹತ್ತು ಸಲ ಹೊರಗೆ ಬಂದು ಒಳಗೆ ಹೋಗುವುದನ್ನು ಕಿವಿಗೊಟ್ಟು ಕೇಳಬೇಕು. ಬಿಳಿ ಗೋಡೆಯೊಂದನ್ನು ಎಫ್/11ರಲ್ಲಿ ತೆಗೆದು ಕಪ್ಪು ಚುಕ್ಕಿ ಹುಡುಕಬೇಕು. ಮಿರರ್‌ಲೆಸ್‌ನಲ್ಲಿ ಧೂಳು ಕೂತರೆ ಲೆನ್ಸ್ ತೆಗೆದು ಊದಬಹುದು. ಇದರಲ್ಲಿ ಕೂತರೆ ಪೂರ್ತಿ ಬಿಚ್ಚಿಸಬೇಕು.

ಎಂಟು ತಿಂಗಳಾದ ಮೇಲೆ

ಅಕ್ಕ ಈಗ ಜೂಮ್ ಮುಟ್ಟುವುದು ಕಡಿಮೆ. ಕತ್ತಲಲ್ಲಿ ಜೂಮ್ ಚಾಚಿದರೆ ಎಫ್/2.8 ಆಗಿ, ಸೆನ್ಸರಿನ ಮೇಲೆ ಬೀಳುವ ಬೆಳಕು ತೆಳ್ಳಗಾಗುತ್ತದೆ ಎಂದು ಗೊತ್ತಾದ ಮೇಲೆ ಅಗಲದ ತುದಿಯಲ್ಲೇ, ಎಫ್/1.8ರಲ್ಲೇ ಇಟ್ಟು, ತಾನೇ ಹತ್ತಿರ ಹೋಗಿ ಕೂರುತ್ತಾಳೆ. ಹಸು ಉಸಿರು ಬಿಟ್ಟು ತಲೆ ಇಳಿಸುವ ಹೊತ್ತಿಗೆ ಕಾಯುತ್ತಾಳೆ. ಆಗ ಒಂದು ಸೆಕೆಂಡ್ ಅದು ಕದಲುವುದಿಲ್ಲವಂತೆ. 1/30ರಲ್ಲೂ ಚೂಪಾಗಿ ಬರುತ್ತದೆ. ಇದು ನನಗೆ ಗೊತ್ತಿರದ ವಿದ್ಯೆ, ಯಾವ ಲೆಕ್ಕದಲ್ಲೂ ಸಿಗುವುದಲ್ಲ. ಓಡುವ ಕರುವನ್ನು ಹೊಸ ಫೋಕಸ್ ಹಗಲಿನಲ್ಲಿ ಹಿಡಿಯುತ್ತದೆ, ರಾತ್ರಿ ಇಲ್ಲ. ಗ್ರೇನ್ ಬಗ್ಗೆ ಅವಳ ದೂರು ನಿಂತಿದೆ. ಗ್ರೇನ್ ನಿಂತಿಲ್ಲ.

ಕೋಟಿನ ಆ ಜೇಬಿಗೆ ಎರಡನೇ ಹೊಲಿಗೆ ಹಾಕಿಸಿದ್ದಾಳೆ.

ಮೊನ್ನೆ ಶನಿವಾರ ಸಂಜೆ ಫೋನ್ ಬಂತು. "ನಾಳೆ ನನಗೆ ರಜ. ಕುದುರೆ ಲಾಯದಲ್ಲಿ ಒಂದು ಮರಿ ಇದೆ, ಮೂರು ದಿನದ್ದು, ಮೈ ಪೂರ್ತಿ ಕಪ್ಪು. ಒಳಗೆ ಬೆಳಕೇ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆ 35 ನಾಳೆ ಸುಮ್ನೆ ಕೂತಿರತ್ತಾ?"